ಗೇಟಿನ ದೀಪದ ಸರಾಸರಿ

ನಮ್ಮೂರಿನಲ್ಲಿ ಕಂಪ್ಯೂಟರ್ ತನ್ನ ಲೆಕ್ಕದಲ್ಲಿ ಮೊದಲೇ ಓಡಿಸಿ ನೋಡದ ಕರೆಂಟು ತಂತಿಯಲ್ಲಿ ಹರಿಯುವುದಿಲ್ಲ. ಬೆಳಿಗ್ಗೆ ಐದಕ್ಕೆ ನಮ್ಮ ಕಚೇರಿಯ ಕಂಪ್ಯೂಟರ್ ಓಡತೊಡಗುತ್ತದೆ. ಸಂಜೆ ಐದರೊಳಗೆ ಅದು ಎಷ್ಟು ತಾಸಿನ ಕರೆಂಟನ್ನು ಓಡಿಸಿ ಮುಗಿಸಿರುತ್ತದೆಯೋ, ಆರು ಗಂಟೆಯಿಂದ ಹಿಡಿದು ಅಷ್ಟೇ ತಾಸು ಊರಿಗೆ ಬೆಳಕು. ಒಂದು ನಿಮಿಷ ಹೆಚ್ಚಿಲ್ಲ. ಐದೂಕಾಲಿಗೆ ನಾನು ಕಚೇರಿಯ ಹೊರಗಿನ ಕಪ್ಪು ಹಲಗೆಯ ಮೇಲೆ ಆ ಅಂಕಿಯನ್ನು ಬರೆಯುತ್ತೇನೆ. ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ. ಬರೆದ ಮೇಲೆ ಮತ್ತೆ ಒಳಗೆ ಹೋಗಿ ಪರದೆಯ ಮೇಲಿನ ಅಂಕಿಯನ್ನೂ ಹಲಗೆಯ ಅಂಕಿಯನ್ನೂ ಹೋಲಿಸಿ ನೋಡಿ, ಬೀಗ ಹಾಕಿ, ಬೀಗವನ್ನು ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುತ್ತೇನೆ. ನನ್ನ ಸ್ವಭಾವ ಅಂಥದ್ದು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ. ಟಾಕೀಸಿನವನು ಎರಡನೆಯ ಆಟದಲ್ಲಿ ಕ್ಲೈಮ್ಯಾಕ್ಸನ್ನು ಮೊದಲು ತೋರಿಸಿ, ಆಮೇಲೆ ಕಥೆಯನ್ನು ಶುರು ಮಾಡುತ್ತಾನೆ. ಹೆಂಗಸರು ಆರು ಹೊಡೆಯುವುದಕ್ಕೆ ಮೊದಲೇ ನೆನೆಸಿದ ಅಕ್ಕಿಯನ್ನು ಗ್ರೈಂಡರಿಗೆ ಸುರಿದು, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾಯುತ್ತಾರೆ. ಯಾರದಾದರೂ ಮನೆಗೆ ಹೊಸ ಸಾಮಾನು ಬಂದರೆ ಅರ್ಜಿ ಕೊಡಬೇಕು. ನಾನು ಅದನ್ನು ಕಂಪ್ಯೂಟರಿನೊಳಗೆ ಬರೆದಿಟ್ಟ ಊರಿನ ಮಾದರಿಗೆ ಸೇರಿಸುತ್ತೇನೆ. ಸೇರಿಸದ ಸಾಮಾನಿಗೆ ಕರೆಂಟು ಹತ್ತಿರವೂ ಸುಳಿಯುವುದಿಲ್ಲ. ಹಲಗೆಯ ಅಂಕಿ ಒಂದು ನಿಮಿಷ ಇಳಿದರೂ ಸಾಕು, ಮುಂದೆ ನಿಂತವರು ಅರ್ಜಿ ಕೊಟ್ಟವರ ಹೆಸರು ಹುಡುಕುತ್ತಾರೆ. "ಮ್ಯಾಲಿನ ಓಣ್ಯಾಗ ಯಾರೋ ಗೀಸರ್ ತಂದಾರಂತ. ತಣ್ಣೀರಾಗ ಮಿಂದ್ರ ಮೈ ಕರಗ್ತಿತ್ತೇನ ಅವ್ರದು?" ಎಂಬ ಮಾತು ನನ್ನ ಬೆನ್ನಿಗೆ ಬೀಳುತ್ತದೆ. ಗೀಸರಿನಿಂದ ಕಳೆಯುವುದು ಅರ್ಧ ಸೆಕೆಂಡೂ ಅಲ್ಲವೆಂದು ನಾನು ತಿರುಗಿ ಹೇಳುವುದಿಲ್ಲ. ಹೇಳಿದರೆ, ಹಾಗಾದರೆ ಯಾವುದರಿಂದ ಎಂದು ಕೇಳುತ್ತಾರೆ.

ಮಾದರಿಯಲ್ಲಿ ಎರಡು ಜಾತಿ. ಸಾಮಾನ್ಯರ ಸಾಮಾನಿಗೆ ಒಂದೊಂದು ಸಾಲು: ಬಲ್ಬು, ಅರವತ್ತು ವ್ಯಾಟ್, ಫ್ಯಾನು, ಎಪ್ಪತ್ತೈದು. ಗಣ್ಯರ ಮನೆಯನ್ನು ಮಾತ್ರ ಪೂರ್ಣ ವಿವರದಲ್ಲಿ ಬರೆಯಬೇಕು. ಅವರ ಫ್ಯಾನಿನೊಳಗಿನ ತಂತಿಯ ಸುತ್ತು, ರೆಗ್ಯುಲೇಟರಿನೊಳಗಿನ ಬಿಡಿಭಾಗ, ಅದರ ಸಿಡುಕು, ಎಲ್ಲವೂ ಬೇರೆ ಬೇರೆ ಸಾಲು. ಇದು ಯಾರ ಕಾಲದಲ್ಲಿ ಶುರುವಾಯಿತೋ ಗೊತ್ತಿಲ್ಲ. ಈಗ ಇದೇ ಊರಿನ ಮರ್ಯಾದೆ. ಲಗ್ನಪತ್ರಿಕೆಯಲ್ಲಿ 'ಪೂರ್ಣವಿವರದ ಮನೆತನ' ಎಂದು ಅಚ್ಚು ಹಾಕಿಸುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ ಕೇಳುವ ಮೊದಲ ಪ್ರಶ್ನೆ, "ನಿಮ್ಮದು ಸಾಲಿನ ಮನಿನೋ, ವಿವರದ ಮನಿನೋ?" ನನ್ನದು ಸಾಲಿನ ಮನೆ. ಒಟ್ಟು ಒಂಬತ್ತು ಸಾಲು.

ನನ್ನ ಪಕ್ಕದ ಮನೆ ಮಾಬುಬಿಯದು. ಆಕೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವವಳು. ಹಳೆಯ ಬೀರುವಿನ ಒಳಗೆ ಥರ್ಮಾಕೋಲ್ ಅಂಟಿಸಿ, ನಾಲ್ಕು ಬಲ್ಬು ತೂಗುಹಾಕಿ, ತಾನೇ ಮಾಡಿಕೊಂಡ ಪೆಟ್ಟಿಗೆ. ಕರೆಂಟು ಹೋದ ಮೇಲೆ ಬಿಸಿನೀರಿನ ಡಬ್ಬಿಗಳನ್ನು ಒಳಗಿಟ್ಟು, ಮೇಲೆ ಎರಡು ಕೌದಿ ಹೊದಿಸಿ, ದಿನವಿಡೀ ಆ ಡಬ್ಬಿಗಳ ನೀರನ್ನು ಬದಲಾಯಿಸುತ್ತಿರುತ್ತಾಳೆ. ಆ ವರ್ಷ ಬೇನೆ ಬಂದು ಊರಿನ ಜವಾರಿ ಕೋಳಿಗಳೆಲ್ಲ ವಾರದೊಳಗೆ ಸತ್ತುಹೋಗಿದ್ದವು. ಮಾಬುಬಿ ಮನೆಮನೆಗೆ ತಿರುಗಿ, ಅಡಿಗೆಮನೆಯ ಗಡಿಗೆಗಳಲ್ಲಿ ಉಳಿದಿದ್ದ ಜವಾರಿ ಮೊಟ್ಟೆಗಳನ್ನು ಬೇಡಿ ತಂದಿದ್ದಳು. ಇನ್ನೂರಾ ಹನ್ನೊಂದು. ಅವು ಒಡೆದರೆ ನಮ್ಮೂರಿನ ಕೋಳಿಯ ತಳಿ ಉಳಿಯುತ್ತದೆ, ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ಹತ್ತನೆಯ ದಿನ ಆಕೆ ನನ್ನನ್ನು ಒಳಗೆ ಕರೆದು, ಒಂದು ಮೊಟ್ಟೆಯನ್ನು ಟಾರ್ಚಿನ ಮುಂದೆ ಹಿಡಿದು ತೋರಿಸಿದಳು. ಕೆಂಪು ನರಗಳ ನಡುವೆ ಏನೋ ಒಂದು ಕಪ್ಪು ಚುಕ್ಕೆ ಮಿಸುಕಿತು.

"ನೋಡ್ರಿ ಕುಮುದಕ್ಕಾ, ಹೆಂಗ ಹೊರಳತೈತಿ. ಇದಕ್ಕ ದಿನಾ ಐದ ತಾಸು ಬಲ್ಬ್ ಸಿಕ್ರ ಸಾಕು, ಉಳಿದದ್ದು ನಾ ನೋಡ್ಕೋತೀನಿ. ಆದ್ರ ಕಡೀ ಮೂರು ದಿನ ಭಾಳ ನಾಜೂಕರೀ. ಆಗ ನೀರಿನ ಡಬ್ಬಿ ಆಟ ನಡ್ಯಂಗಿಲ್ಲ. ಕಾವು ಒಂದೇ ಸವನ ಬೇಕು."

"ಕಡೀ ಮೂರು ದಿನ ಏನ್ಮಾಡ್ತಿ ಮತ್ತ?"

"ನೀವದೀರಲ್ರಿ ಆಫೀಸಿನ್ಯಾಗ," ಎಂದು ನಕ್ಕಳು.

ನಾನು ನಗಲಿಲ್ಲ. ವರ್ಷದ ಕೆಳಗೆ ಹನ್ನೊಂದು ತಾಸಿದ್ದ ಅಂಕಿ ಅಂದು ಐದೂವರೆಗೆ ಬಂದು ನಿಂತಿತ್ತು.

ಅಂಕಿ ಇಳಿದದ್ದಕ್ಕೆ ಊರಸಭೆ ಸೇರಿತು. ಅಧ್ಯಕ್ಷ ರುದ್ರಗೌಡರು ಮೇಜು ಗುದ್ದಿದರು. ನಮ್ಮ ಕಚೇರಿಯ ಮುಖ್ಯಸ್ಥ ಉಳ್ಳಾಗಡ್ಡಿ ಸಾಹೇಬರು ಮೇಜು ಗುದ್ದಿದ್ದನ್ನು ಬರೆದುಕೊಂಡರು. ಹೊರಗಿನಿಂದ ವೇಗತಜ್ಞರನ್ನು ಕರೆಸುವುದೆಂದು ಠರಾವಾಯಿತು. ಹಾಗೆ ಬಂದವರು ಡಾ. ಸುಧನ್ವ. ಬಿಳಿ ಬೂಟು, ಎರಡು ಫೋನು, ಯಾವ ಪ್ರಶ್ನೆ ಕೇಳಿದರೂ ಮೊದಲು ಕಣ್ಣು ಮುಚ್ಚಿ ಆಮೇಲೆ ಉತ್ತರಿಸುವ ಅಭ್ಯಾಸ.

ಅವರು ಬಂದ ದಿನವೇ ಮಾಡಿಸಿದ ಮೊದಲ ಕೆಲಸ, ಅಧ್ಯಕ್ಷರ ಕೋಣೆಯ ಗೋಡೆಗೆ ಒಂದು ದೊಡ್ಡ ಪರದೆ. ಕಂಪ್ಯೂಟರ್ ಎಷ್ಟು ನಿಧಾನವಾಗಿ ಓಡುತ್ತಿದೆ ಎಂಬುದನ್ನು ಅಧ್ಯಕ್ಷರು ಕುಳಿತಲ್ಲಿಂದಲೇ ನೋಡಬೇಕಲ್ಲ. ಆ ಪರದೆಯ ಮೇಲೆ ಪ್ರತಿ ಕ್ಷಣಕ್ಕೂ ಬಣ್ಣದ ಗೆರೆ ಎಳೆಯುವ ಕೆಲಸವೂ ನಮ್ಮ ಕಂಪ್ಯೂಟರಿನದೇ. ಕರೆಂಟನ್ನು ಓಡಿಸುವುದನ್ನು ಬಿಟ್ಟು ಅದು ಚಿತ್ರ ಬರೆಯುತ್ತ ಕುಳಿತಿತು. ಮರುದಿನ ಅಂಕಿ ಐದೂಕಾಲು.

ನಾನು ಉಳ್ಳಾಗಡ್ಡಿ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತೆ. "ಸರ್, ಪರದೆ ಹಚ್ಚಿದ್ದಕ್ಕ ಮತ್ತ ನಿಧಾನ ಆಗೈತ್ರಿ."

"ಹೌದೇನು?" ಎಂದು ಅವರು ಗಂಭೀರವಾದರು. "ಹಂಗಾದ್ರ ಎಷ್ಟು ನಿಧಾನ ಆಗೈತಿ ಅಂತ ನೋಡಾಕ ಇನ್ನೊಂದು ಹಚ್ಚಸ್ತೀನಿ ತಡೀರಿ."

ಹಚ್ಚಿಸಿದರು. ಐದು ತಾಸು, ನಾಲ್ಕು ನಿಮಿಷ. ಎರಡು ಪರದೆಗಳ ಮುಂದೆ ಕುಳಿತು ಸಭೆಯ ಸದಸ್ಯರು ಚಹಾ ಕುಡಿದರು. ಗೆರೆ ಬಾಗಿದಾಗ "ಅಲಲಲಾ" ಎಂದರು, ನೇರವಾದಾಗ "ಹಾಂ" ಎಂದರು. ಅದೇನು ಗೆರೆ ಎಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ನಾನು ಕಂಪ್ಯೂಟರಿನ ದಿನಚರಿಯನ್ನು ಓದುತ್ತಿದ್ದೆ. ಕಂಪ್ಯೂಟರ್ ದಿನವನ್ನು ನಮ್ಮ ಹಾಗೆ ಹರಿಯುತ್ತ ನೋಡುವುದಿಲ್ಲ, ಹೆಜ್ಜೆ ಇಟ್ಟು ದಾಟುತ್ತದೆ. ಎಲ್ಲ ಶಾಂತವಾಗಿದ್ದರೆ ದೊಡ್ಡ ಹೆಜ್ಜೆ. ಎಲ್ಲೋ ಏನೋ ಬೇಗಬೇಗ ಹತ್ತಿ ಆರಿ ಮಾಡುತ್ತಿದ್ದರೆ ಅದನ್ನು ತಪ್ಪದೆ ಹಿಡಿಯಲು ಸಣ್ಣ ಹೆಜ್ಜೆ. ಒಬ್ಬಳ ಸೆರಗು ಮುಳ್ಳಿಗೆ ಸಿಕ್ಕಿದಾಗಲೆಲ್ಲ ಜೊತೆಗಿದ್ದ ನಾಲ್ಕು ಜನರೂ ನಿಲ್ಲಬೇಕಾದ ಹಾಗೆ, ಒಂದು ಸಾಮಾನಿಗಾಗಿ ಇಡೀ ಊರು ಸಣ್ಣ ಹೆಜ್ಜೆ ಹಾಕಬೇಕು. ದಿನಚರಿಯಲ್ಲಿ ಹೆಜ್ಜೆಗಳು ಇರುವೆಯ ಹೆಜ್ಜೆಗಳಾಗಿದ್ದವು. ಯಾರ ಸೆರಗು ಎಂದು ಹುಡುಕಿದೆ. ಮೂರು ದಿನ ಹಿಡಿಯಿತು. ಸಿಕ್ಕಿದ್ದು ಅಧ್ಯಕ್ಷರ ಮನೆಯ ಗೇಟಿನ ದೀಪ.

ಹೋದ ವರ್ಷ ತರಿಸಿದ್ದು ಅದು; ಮೊದಲಿದ್ದದ್ದೂ ಬಣ್ಣದ ದೀಪವೇ, ಆದರೆ ಇದರ ಅರ್ಧ ವೇಗದ್ದು. ಕರೆಂಟು ಇರುವಷ್ಟು ಹೊತ್ತೂ ಗುಲಾಬಿ, ಕಿತ್ತಳೆ, ಹಸಿರು, ನೇರಳೆ ಎಂದು ಬಣ್ಣ ಬದಲಿಸುತ್ತಲೇ ಇರುತ್ತದೆ. ಆ ಬಣ್ಣಗಳನ್ನು ಹೆಚ್ಚು ಕಡಿಮೆ ಮಾಡಲು ಅದರೊಳಗಿನ ಸ್ವಿಚ್ಚು ಒಂದು ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ಹತ್ತಿ ಆರುತ್ತದೆ. ಬೇರೆಯವರ ಮನೆಯದಾಗಿದ್ದರೆ ಒಂದು ಸಾಲು: ದೀಪ, ನಲವತ್ತು ವ್ಯಾಟ್. ಇದು ಅಧ್ಯಕ್ಷರದು, ಪೂರ್ಣ ವಿವರ, ನಾನ್ನೂರಾ ಹನ್ನೆರಡು ಸಾಲು. ಅದರ ಪ್ರತಿಯೊಂದು ರೆಪ್ಪೆ ಬಡಿತಕ್ಕೂ ಊರಿನ ಆರು ಸಾವಿರ ಮನೆಗಳು ನಿಂತು ನಮಸ್ಕಾರ ಮಾಡಿ ಮುಂದಕ್ಕೆ ಹೋಗುತ್ತಿದ್ದವು. ಉಪಾಯ ತಿಳಿಯದ್ದೇನಲ್ಲ, ಕಾಲೇಜಿನ ಮೂರನೆಯ ವರ್ಷದಲ್ಲೇ ಕಲಿಸುತ್ತಾರೆ. ಇಪ್ಪತ್ತು ಸಾವಿರ ಬಡಿತಗಳ ಜಾಗದಲ್ಲಿ ಅವುಗಳ ಸರಾಸರಿಯನ್ನು ಇಟ್ಟರೆ ಆಯಿತು. ದೀಪ ಎಳೆಯುವ ಕರೆಂಟು ಅಷ್ಟೇ ಇರುತ್ತದೆ, ಬಡಿತ ಮಾತ್ರ ಇರುವುದಿಲ್ಲ.

ನಾನು ಡಾ. ಸುಧನ್ವರಿಗೆ ಹೇಳಿದೆ. ಅವರು ಕಣ್ಣು ಮುಚ್ಚಲಿಲ್ಲ. ಬಾಗಿಲ ಕಡೆ ನೋಡಿದರು.

"ಮೇಡಂ, ಅದು ನನಗೆ ಮೊದಲನೇ ದಿನವೇ ಗೊತ್ತಾಯ್ತು."

"ಮತ್ತ್ಯಾಕ ಸುಮ್ಮನಿದ್ದೀರಿ?"

"ನನ್ನನ್ನ ಕರೆಸಿರೋದು ಯಾರು ಹೇಳಿ? ಅವರ ಗೇಟನ್ನೇ ಸರಾಸರಿ ಮಾಡಿ ಅಂತ ಅವರಿಗೇ ವರದಿ ಕೊಡಲಾ?" ಅವರು ಫೋನನ್ನು ತಿರುವಿ ಹಾಕಿದರು. "ಬೇರೆ ಏನಾದ್ರೂ ತೆಗೆಯೋಣ ಬಿಡಿ. ಯಾರೂ ಕೇಳದೇ ಇರೋದು."

ಯಾರೂ ಕೇಳದ್ದು ಯಾವುದೆಂದು ಎರಡು ದಿನದಲ್ಲಿ ತಿಳಿಯಿತು. ನೂರು ವ್ಯಾಟಿಗಿಂತ ಕಡಿಮೆಯ, ಒಂದು ಸಾಲಿನ ಸಾಮಾನುಗಳನ್ನೆಲ್ಲ 'ಚಿಲ್ಲರೆ' ಎಂಬ ತಲೆಬರಹದ ಕೆಳಗೆ ಹಾಕಿ ಮಾದರಿಯಿಂದ ಕಿತ್ತರು. ಹದಿನೆಂಟು ಸಾವಿರ ಬಲ್ಬು ಫ್ಯಾನುಗಳು. ಗಳಿಸಿದ್ದು ಹನ್ನೊಂದು ನಿಮಿಷ. ಉಳ್ಳಾಗಡ್ಡಿ ಸಾಹೇಬರು ಆ ಹನ್ನೊಂದನ್ನು ನನ್ನ ಕೈಯಲ್ಲೇ ಕೆಂಪು ಸೀಮೆಸುಣ್ಣದಲ್ಲಿ ಬರೆಸಿದರು. ಆ ಸಂಜೆ ಆರಕ್ಕೆ ದೊಡ್ಡವರ ಮನೆಗಳೆಲ್ಲ ಬೆಳಗಿದವು, ಉಳಿದ ಓಣಿಗಳು ಕಪ್ಪಾಗಿಯೇ ಉಳಿದವು. ಜನ ಏನು ಮಾಡಿದರು? ಚಿಮಣಿ ಹಚ್ಚಿಕೊಂಡು, "ಏನರ ಆಗ್ಲಿ, ಹನ್ನೊಂದ ನಿಮಿಷ ಹೆಚ್ಚಾತಲ್ಲ," ಎಂದು ಕಟ್ಟೆಯ ಮೇಲೆ ಕೂತು ಮಾತಾಡಿದರು. ತಮಗೆ ಬಾರದ ಕರೆಂಟು ಹನ್ನೊಂದು ನಿಮಿಷ ಹೆಚ್ಚು ಹೊತ್ತು ಬಾರದೆ ಇತ್ತು, ಅಷ್ಟೇ.

ಮಾಬುಬಿ ಚಪ್ಪಲಿ ಮೆಟ್ಟದೆ ಓಡಿ ಬಂದಳು. "ಅಕ್ಕಾ, ಬಲ್ಬ್ ಹತ್ತವಲ್ವು! ನಾಲ್ಕೂ ಹತ್ತವಲ್ವು!"

ಅವು ಅರವತ್ತು ವ್ಯಾಟಿನ ನಾಲ್ಕು ಬೇರೆ ಬೇರೆ ಸಾಲುಗಳಾಗಿದ್ದವು. ನಾಲ್ಕೂ ಚಿಲ್ಲರೆ. ಮೊಟ್ಟೆಗಳಿಗೆ ಅದು ಹದಿನಾರನೆಯ ದಿನ. ನಾನು ನನ್ನ ಮನೆಯ ಒಲೆಯನ್ನೂ ಹೊತ್ತಿಸಿದೆ. ಇಬ್ಬರೂ ಸರದಿಯಲ್ಲಿ ನೀರು ಕಾಯಿಸಿ ಡಬ್ಬಿಗೆ ತುಂಬಿದೆವು. ಮರುದಿನವೂ ಹಾಗೆಯೇ ಕಳೆಯಿತು. ಸಂಜೆ ಟಾರ್ಚು ಹಿಡಿದು ನೋಡಿ ಮೂವತ್ತೆರಡು ಮೊಟ್ಟೆಗಳನ್ನು ಬೇರೆ ಬುಟ್ಟಿಗೆ ಹಾಕಿದಳು. ಅವು ಹೊರಳುತ್ತಿರಲಿಲ್ಲ.

"ನಾಡಿದ್ದರಿಂದ ಮೂರು ದಿನ ಕಾವು ಬಿಡದಂಗ ಸಿಕ್ರ ಉಳಿದವು ಒಡೀತಾವು," ಎಂದಳು. "ಸಿಗಲಿಲ್ಲಂದ್ರ ಈ ಪೆಟ್ಟಿಗಿ ತುಂಬ ಹೆಣ."

ಹದಿನೆಂಟನೆಯ ದಿನ ನಾನು ಉಳ್ಳಾಗಡ್ಡಿ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ: ಗೇಟು, ಇಪ್ಪತ್ತು ಸಾವಿರ, ಸರಾಸರಿ. ಅವರು ಎದ್ದು ಕಿಟಕಿಯನ್ನು ಮುಚ್ಚಿದರು.

"ಕುಮುದಾ ಮೇಡಂ, ನಿಮಗ ಮನೀ ಮಠ ಏನೂ ಇಲ್ಲೇನ್ರಿ? ಗೌಡ್ರ ಗೇಟಿಗೆ ಸರಾಸರಿ ಅಂತೀರಲ್ಲ! ಅಂದ್ರ ಅವ್ರೂ ನಾವೂ ಒಂದ ಅಂದಂಗ ಆತು."

"ದೀಪಕ್ಕ ಅಷ್ಟರೀ ಸರ್."

"ಇವತ್ತ ದೀಪ. ನಾಳಿ?"

ನಾನು ನನ್ನ ಮೇಜಿಗೆ ಬಂದು ಕುಳಿತೆ. ಇಂಥವರ ಕೈಕೆಳಗೆ ಹದಿನಾಲ್ಕು ವರ್ಷ ಕಳೆದವಳು ಅವರಿಗಿಂತ ಏನು ಮೇಲು ಎಂದು ಯೋಚಿಸಿದೆ. ಉತ್ತರ ಚೆನ್ನಾಗಿರಲಿಲ್ಲ. ಎಲ್ಲರೂ ಹೋದ ಮೇಲೆ ಹಲಗೆಯ ಅಂಕಿಯನ್ನು ಬರೆದು, ಒಳಗೆ ಬಂದು, ನಾನ್ನೂರಾ ಹನ್ನೆರಡು ಸಾಲುಗಳನ್ನು ತೆಗೆದು ಆ ಜಾಗದಲ್ಲಿ ಒಂದು ಸಾಲು ಬರೆದೆ. ಕಿತ್ತಿದ್ದ ಚಿಲ್ಲರೆಯನ್ನೆಲ್ಲ ಮರಳಿ ಸೇರಿಸಿದೆ. ಬೀಗವನ್ನು ಆರು ಸಲ ಎಳೆದು ನೋಡಿದೆ.

ಮರುದಿನ ಬೆಳಿಗ್ಗೆ ಐದಕ್ಕೆ ಶುರುವಾದ ಕಂಪ್ಯೂಟರ್ ಏಳೂಕಾಲಿಗೆ ನಿಂತಿತು. ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ. ಇಪ್ಪತ್ನಾಲ್ಕು ತಾಸನ್ನೂ ಓಡಿಸಿ ಮುಗಿಸಿತ್ತು.

ಸಂಜೆ ನಾನು ಹಲಗೆಯ ಮೇಲೆ '24' ಎಂದು ಬರೆದಾಗ ಮುಂದೆ ನಿಂತವರು ಸಿಟ್ಟಾದರು. "ಇದೇನ್ರಿ, ತಾರೀಖು ಬರದೀರಿ? ತಾಸು ಬರೀರಿ." ತಾಸೇ ಎಂದೆ. ನಂಬಲಿಲ್ಲ. ಹತ್ತಾಯಿತು, ಹನ್ನೊಂದಾಯಿತು, ಕರೆಂಟು ಹೋಗಲಿಲ್ಲ. ಟಾಕೀಸಿನವನು ಕ್ಲೈಮ್ಯಾಕ್ಸ್ ತೋರಿಸಿದ ಮೇಲೆ ಪೂರ್ತಿ ಕಥೆಯನ್ನೂ ತೋರಿಸಿ, ಕೊನೆಗೆ ಕ್ಲೈಮ್ಯಾಕ್ಸನ್ನು ಮತ್ತೊಮ್ಮೆ ತೋರಿಸಬೇಕಾಗಿ ಬಂದು ಜನರ ಬೈಗುಳ ತಿಂದ. ಮಾಬುಬಿಯ ಪೆಟ್ಟಿಗೆಯ ಸಂದಿಯಲ್ಲಿ ಹಳದಿ ಬೆಳಕು ಹಾಗೆಯೇ ನಿಂತಿತ್ತು. ಆಕೆ ಕೌದಿಗಳನ್ನು ಮಡಚಿಟ್ಟು, ಮೊದಲ ಸಲ ಕಾಲು ಚಾಚಿ ಕುಳಿತಳು.

ಮರುದಿನ ಮಧ್ಯಾಹ್ನವೇ ಸಭಾಭವನದಲ್ಲಿ ಸನ್ಮಾನ. ಅಧ್ಯಕ್ಷರು ಡಾ. ಸುಧನ್ವರಿಗೆ ಶಾಲು ಹೊದಿಸಿದರು. ಇದು ತಮ್ಮ ಕೈಚಳಕವಲ್ಲವೆಂದು ಡಾಕ್ಟರಿಗೆ ಗೊತ್ತಿತ್ತು. ನನ್ನ ಕಡೆ ಒಮ್ಮೆ ನೋಡಿಯೂ ನೋಡಿದರು. ಆಮೇಲೆ ಮೈಕಿನ ಮುಂದೆ ಕಣ್ಣು ಮುಚ್ಚಿದರು. "ಊರಿನ ಮಾದರಿಯಲ್ಲಿ ಒಂದು ಸೂಕ್ಷ್ಮ ಬದಲಾವಣೆ ಮಾಡಿದೆ. ಅದರ ಪೂರ್ತಿ ಹೊಣೆ ನನ್ನದು." ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಆ ಸಂಜೆ ಅಧ್ಯಕ್ಷರು ವಾಕಿಂಗಿಗೆಂದು ಹೊರಗೆ ಬಂದು ಗೇಟಿನ ಮುಂದೆ ನಿಂತರು. ದೀಪ ಬಣ್ಣ ಬದಲಿಸುತ್ತಿರಲಿಲ್ಲ. ಗುಲಾಬಿ, ಹಸಿರು, ನೇರಳೆ ಎಲ್ಲದರ ಸರಾಸರಿ ಸೇರಿ, ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿ ಸುಮ್ಮನೆ ಉರಿಯುತ್ತಿತ್ತು. ಊರಿನ ಎಲ್ಲ ಗೇಟುಗಳ ದೀಪದ ಹಾಗೆ.

ಬೆಳಿಗ್ಗೆ ಕಚೇರಿಗೆ ಬಂದಾಗ ಅವರ ಮುಖವೂ ಅದೇ ಬಣ್ಣದಲ್ಲಿತ್ತು. "ನನ್ನ ದೀಪಕ್ಕ ಕೈ ಹಚ್ಚಿದಾವ ಯಾವ?" ಉಳ್ಳಾಗಡ್ಡಿ ಸಾಹೇಬರು ನನ್ನನ್ನು ನೋಡಿದರು. ನಾನು ನೆಲವನ್ನು ನೋಡಿದೆ. ಆದರೆ ಪೂರ್ತಿ ಹೊಣೆ ತಮ್ಮದೆಂದು ಮೈಕಿನಲ್ಲಿ ಹೇಳಿದವರಿದ್ದರಲ್ಲ. ಡಾ. ಸುಧನ್ವ ಶಾಲನ್ನು ಬಿಟ್ಟು ಹನ್ನೊಂದರ ಬಸ್ಸಿಗೆ ಹೋದರು.

"ಇವತ್ತ ಮೊದಲಿನಂಗ ಮಾಡ್ರಿ," ಎಂದು ಅಧ್ಯಕ್ಷರು ನನ್ನ ಮುಂದೆ ಬಂದರು. ಮೊಟ್ಟೆಗಳಿಗೆ ಇಪ್ಪತ್ತೊಂದನೆಯ ದಿನ. ನಡುವೆ ಕಾವು ತಪ್ಪಿದ್ದರಿಂದ ಒಡೆಯಲು ಇನ್ನೂ ಒಂದೂವರೆ ದಿನ ಬೇಕಿತ್ತು.

ನಾನು ಹೆದರುವವಳು. ಹೆದರುವವರಿಗೆ ನಿಯಮಗಳೆಲ್ಲ ಬಾಯಿಪಾಠವಿರುತ್ತವೆ. ಕಪಾಟಿನಿಂದ ನಮೂನೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟೆ.

"ಸರ್, ಪೂರ್ಣ ವಿವರ ಸೇರಿಸಬೇಕಂದ್ರ ಮಾಲೀಕರ ಅರ್ಜಿ ಬೇಕ್ರಿ. ಒಂದೊಂದು ಭಾಗಕ್ಕ ಒಂದೊಂದು ಹಾಳಿ. ಮಾಲೀಕರು ಸ್ವಂತ ಕೈಲೆ ತುಂಬಬೇಕ್ರಿ."

"ನನ್ನ ಗೇಟಿಗೆ ನಾ ಅರ್ಜಿ ಹಾಕ್ಬೇಕ? ಹೋದ ವರ್ಷ ಯಾರ ತುಂಬಿದ್ರು?"

"ನಮ್ಮ ಸಾಹೇಬರ ಕೈಲೆ ತುಂಬಿದ್ದರೀ. ಅದು ನಿಯಮಕ್ಕ ವಿರುದ್ಧ. ಬೇರೆಯವರ ಕೈಲೆ ತುಂಬಿಸಿದ್ರ ಪೂರ್ಣವಿವರದ ಮನೆತನ ಅನ್ನಾಕ ಬರಂಗಿಲ್ಲಂತ ಠರಾವಾಗೇತ್ರಿ. ನಿಮ್ಮದ ಸಹಿ ಐತಿ."

ಉಳ್ಳಾಗಡ್ಡಿ ಸಾಹೇಬರು ಬೆವರಿದರು. ಅಧ್ಯಕ್ಷರು ಹಾಳೆಗಳನ್ನು ನೋಡಿದರು. ಮನೆತನದ ಮಾತು ಬಂದ ಮೇಲೆ ಬಿಡುವ ಹಾಗಿರಲಿಲ್ಲ. ನಾನ್ನೂರಾ ಹನ್ನೆರಡು ಹಾಳೆಗಳನ್ನು ಎತ್ತಿಕೊಂಡು ಮನೆಗೆ ಹೋದರು. ಎರಡು ದಿನ ಅವರು ಹೊರಗೆ ಕಾಣಲಿಲ್ಲ. ಅವರು ಬಾಯಲ್ಲಿ ಪೆನ್ನು ಕಚ್ಚಿಕೊಂಡು, ಗೇಟಿನ ದೀಪವನ್ನು ಬಿಚ್ಚಿ, ಅದರ ಕರುಳನ್ನು ಎಣಿಸುತ್ತ ಕೂತಿದ್ದಾರೆಂದು ಸುದ್ದಿ ಬಂತು.

ಆ ಎರಡು ದಿನದಲ್ಲಿ ಮೊಟ್ಟೆ ಒಡೆದವು. ಮಾಬುಬಿ ಗೋಡೆ ಬಡಿದು ನನ್ನನ್ನು ಕರೆದಳು. ಒಂದು ಚಿಪ್ಪಿನ ಮೇಲೆ ಸೂಜಿಮೊನೆಯಷ್ಟು ತೂತು, ಅದರೊಳಗೆ ಕೊಕ್ಕು. ಸಂಜೆಯ ಹೊತ್ತಿಗೆ ಪೆಟ್ಟಿಗೆ ತುಂಬ ಒದ್ದೆ ಮೈಯ ಕೂಗಾಟ. ನೂರಾ ಅರವತ್ತಮೂರು ಮರಿ.

"ಒಂದಕ್ಕ ನಿಮ್ಮ ಹೆಸರ ಇಡ್ಲೇನ್ರಿ ಅಕ್ಕಾ?"

"ಬ್ಯಾಡ. ಕೇಳಿದವರು ಯಾಕಂತ ಕೇಳ್ತಾರು."

"ನಿಮ್ಮ ಪುಕ್ಕಲತನ ನೋಡಿದ್ರ ಈ ಮರಿನ ವಾಸಿ," ಎಂದು ಆಕೆ ಮರಿಗಳ ಕಡೆ ಕೈ ತೋರಿಸಿದಳು.

ಅಧ್ಯಕ್ಷರು ಹಾಳೆಗಳನ್ನು ತಂದುಕೊಟ್ಟರು. ಒಂದರಲ್ಲೂ ತಪ್ಪಿರಲಿಲ್ಲ, ನಾನು ಎರಡು ಸಲ ಹುಡುಕಿದೆ. ಗೇಟು ಪೂರ್ಣ ವಿವರಕ್ಕೆ ಮರಳಿತು, ಅಂಕಿ ಐದು ತಾಸಿಗೆ ಮರಳಿತು. ಆಗ ಊರಿನವರು ದಂಗೆ ಎದ್ದರು ಎಂದುಕೊಂಡಿದ್ದರೆ ನಿಮಗೆ ನಮ್ಮೂರು ಗೊತ್ತಿಲ್ಲ. "ಇಡೀ ದಿನ ಕರೆಂಟಿದ್ರ ಮೈಗಳ್ಳರಾಗ್ತೀವಿ," ಎಂದರು. "ಗೌಡ್ರ ಗೇಟು ಈಗ ಮತ್ತ ಕಳಾ ಬಂತು ನೋಡು," ಎಂದರು. ಗ್ರೈಂಡರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾಯುವುದನ್ನು ಮೊದಲಿಗಿಂತ ಅಚ್ಚುಕಟ್ಟಾಗಿ ಮಾಡಿದರು.

ಮರಿಗಳು ಬೆಳೆದವು. ಮಾಬುಬಿ ಮೊಟ್ಟೆ ಕೊಟ್ಟ ಮನೆಗಳಿಗೆಲ್ಲ ಒಂದೊಂದು ಹಂಚಿ, ಉಳಿದವನ್ನು ಬಿಟ್ಟು ಸಾಕಿದಳು. ಐದು ತಿಂಗಳಿಗೆ ಹುಂಜಗಳಿಗೆ ಕೊರಳು ಬಂತು. ಸಂಜೆ ಕತ್ತಲಾದಾಗ ಗೂಡು ಸೇರಬೇಕಾದ ಅವು, ಅಧ್ಯಕ್ಷರ ಗೇಟಿನ ದೀಪ ಗುಲಾಬಿಯಾದ ಕೂಡಲೇ ಬೆಳಗಾಯಿತೆಂದುಕೊಂಡು ಅಲ್ಲಿಗೆ ಓಡಿ, ಕಂಪೌಂಡ್ ಗೋಡೆಯ ಮೇಲೆ ಸಾಲಾಗಿ ಹತ್ತಿ ಕೂಗತೊಡಗಿದವು. ದೀಪ ಹಸಿರಾದರೆ ಸುಮ್ಮನೆ, ಮತ್ತೆ ಗುಲಾಬಿಯಾದರೆ ಮತ್ತೆ ಬೆಳಗು. ಹಾಗೆ ಒಂದು ಸಂಜೆಯಲ್ಲಿ ಅವಕ್ಕೆ ನೂರಾರು ಬೆಳಗು. ಓಡಿಸಿದರೆ ಹೋಗಿ ಬರುತ್ತಿದ್ದವು. ಹಿಡಿಸಿ ಕೊಯ್ಯಿಸುವಂತಿರಲಿಲ್ಲ, ಅವು ಊರಿನ ಮನೆಮನೆಯ ಹುಂಜಗಳು, ಮುಂದಿನ ತಿಂಗಳು ಚುನಾವಣೆ.

ಒಂದು ಮಧ್ಯಾಹ್ನ ಅಧ್ಯಕ್ಷರು ಒಬ್ಬರೇ ಕಚೇರಿಗೆ ಬಂದರು. ಕಣ್ಣು ಕೆಂಪಾಗಿತ್ತು. ಉಳ್ಳಾಗಡ್ಡಿ ಸಾಹೇಬರು ಇಲ್ಲದ್ದನ್ನು ಖಚಿತ ಮಾಡಿಕೊಂಡು ನನ್ನ ಮೇಜಿನ ಮುಂದೆ ಕುಳಿತರು.

"ಮೇಡಂ, ಅದು ಆಗ ಮಾಡಿದ್ರಲ್ಲ ಆ ಡಾಕ್ಟ್ರು... ಅದೇನದು?"

"ಸರಾಸರಿರೀ ಸರ್."

"ಹಾಂ. ಅದನ್ನ ಮಾಡಿಬಿಡ್ರಿ. ಆದ್ರ ನನ್ನ ಗೇಟಿಂದಂತ ಹಲಗಿ ಮ್ಯಾಲ ಬರೀಬ್ಯಾಡ್ರಿ."

ಅರ್ಜಿಯ ಹಾಳೆಯನ್ನು ಮುಂದೆ ಸರಿಸಿದೆ. ಇದಕ್ಕೆ ಒಂದೇ ಹಾಳೆ ಸಾಕು. ಅವರು ಹೆಸರು ಬರೆದರು, ಸಹಿ ಮಾಡಿದರು, ಸಾಮಾನಿನ ವಿವರ ಎಂಬಲ್ಲಿ ನಿಂತರು. ಏನು ಬರೆಯಲಿ ಎಂಬಂತೆ ನನ್ನ ಮುಖ ನೋಡಿದರು.

"ದೀಪ, ನಲವತ್ತು ವ್ಯಾಟ್," ಎಂದೆ. "ಒಂದ ಸಾಲು ಸರ್. ನಮ್ಮೆಲ್ಲಾರದೂ ಹಂಗ ಇರೂದು."